ಹೊಳೆಗಲ್ಲು ಹೇಳುವ ಮಂಗಳನ ಕಥೆ

ಮಸಗುಪ್ಪಿಯ ಘಟಪ್ರಭಾ ದಂಡೆಯಲ್ಲಿ ನನಗೆ ಸಿಕ್ಕಿದ್ದು ಗೋಲಿಯಂಥ ನುಣುಪು ಹರಳು. ಮಕ್ಕಳೇ, ಒಡೆದ ಕಲ್ಲಿಗೆ ಚೂಪು ಅಂಚಿರುತ್ತದೆ. ಹೊಳೆ ಅದನ್ನು ಉರುಳಿಸಿ, ತಿಕ್ಕಿ, ದುಂಡಗೆ ಮಾಡುತ್ತದೆ. ಮರಳು ಹಾರಿಸುವ ಗಾಳಿ ಇಂಥ ಕಲ್ಲನ್ನು ಹೊರಲಾರದು.

ಮೇಲ್ಗಡೆ ಗೋಕಾಕದಲ್ಲಿ ಇದೇ ಹೊಳೆ ಮರಳುಗಲ್ಲಿನ ಬಂಡೆಯಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ.

2012ರಲ್ಲಿ ನಾಸಾದ ಕ್ಯೂರಿಯಾಸಿಟಿ ಗಾಡಿ ಮಂಗಳ ಗ್ರಹದ ಗೇಲ್ ಕುಳಿಯಲ್ಲಿ ಇಂಥವೇ ದುಂಡು ಹರಳುಗಳನ್ನು ಕಂಡಿತು. ಕಾಂಕ್ರೀಟಿನ ಜಲ್ಲಿಯಂತೆ ಅವು ಬಂಡೆಯಲ್ಲಿ ಹುದುಗಿದ್ದವು. ಇಂದು ಅಲ್ಲಿ ಹೊಳೆಯಿಲ್ಲ, ಬರೀ ಧೂಳು. ಆದರೆ 300 ಕೋಟಿ ವರ್ಷಗಳಿಗೂ ಹಿಂದೆ ಹೆಚ್ಚೆಂದರೆ ಸೊಂಟದಾಳದ ನೀರು ಹರಿದಿತ್ತೆಂದು ವಿಜ್ಞಾನಿಗಳು ಆ ಹರಳುಗಳಿಂದಲೇ ಲೆಕ್ಕ ಹಾಕಿದರು. ಹೊಳೆ ಹೋಯಿತು, ಸಾಕ್ಷಿ ಉಳಿಯಿತು.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಕೈಗೊಂದು ಹೊಳೆಗಲ್ಲು ಕೊಟ್ಟು, "ಇದರ ಅಂಚು ಎಲ್ಲಿ ಹೋಯಿತು?" ಎಂದು ಕೇಳಿ.