ಹಂಪಿಯಲ್ಲೊಂದು ಹೌಸಿ ಆಟ

ಸಮೀಪದಲ್ಲಿರುವುದನ್ನು ನೋಡಲು ಮನುಷ್ಯ ಬಹಳ ತಡಮಾಡುತ್ತಾನೆ. ನಮ್ಮ ಮರಿಯಮ್ಮನಹಳ್ಳಿಯಿಂದ ಹಂಪಿಗೆ ಹೊಸಪೇಟೆಯ ಮಾರ್ಗವಾಗಿ ಸುಮಾರು ಒಂದು ಗಂಟೆಯ ದಾರಿ. ಆದರೂ ಕಾಶಿ, ಶ್ರೀಶೈಲಗಳನ್ನು ಕಂಡುಬಂದ ನಮ್ಮ ಮನೆಯ ಹಿರಿಯರು ಜಾತ್ರೆಯ ನೂಕುನುಗ್ಗಲಿನಲ್ಲಲ್ಲದೆ ಹಂಪಿಯನ್ನು ಸಾವಧಾನವಾಗಿ ನೋಡಿರಲಿಲ್ಲ. ಕಳೆದ ದೀಪಾವಳಿಗೆ ಬಂಧುಗಳೆಲ್ಲ ಕೂಡಿದಾಗ ಆ ಕೊರತೆಯನ್ನು ನೀಗಿಸಲು ಒಂದು ಟೆಂಪೋ ಮಾಡಿಕೊಂಡು ಹೊರಟೆವು. ಎಂಬತ್ತರ ಗಡಿಯಲ್ಲಿರುವ ದೊಡ್ಡಮ್ಮನನ್ನೂ ಕರೆದುಕೊಂಡೆವು.

ವಿರೂಪಾಕ್ಷನ ದರ್ಶನವಾಯಿತು. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಉಗ್ರನರಸಿಂಹ, ಅದರ ಪಕ್ಕದಲ್ಲಿ ನೀರಿನ ನಡುವೆ ನಿಂತ ಬಡವಿಲಿಂಗ, ಹನ್ನೊಂದು ಕೋಣೆಗಳ ಗಜಶಾಲೆ, ಕಮಲ ಮಹಲು ಎಲ್ಲವನ್ನೂ ನೋಡಿದೆವು. 1336ರಲ್ಲಿ ಆರಂಭವಾದ ರಾಜ್ಯ, 1565ರ ಯುದ್ಧದಲ್ಲಿ ಸೋಲು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆ ಎಂದು ನಮ್ಮ ಮೈದುನ ವಿವರಿಸುತ್ತಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕಾಲು ಸೋತವು, ಕಿವಿಯೂ ಸೋತಿತು.

ಮರದ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಊಟ ಮುಗಿದ ಮೇಲೆ ಬೆಂಗಳೂರಿನ ಸೊಸೆ ಚೀಲದಿಂದ ಹೌಸಿ ಆಟದ ಚೀಟಿಗಳನ್ನು ತೆಗೆದಳು. ಒಂದೊಂದು ಚೀಟಿಯಲ್ಲಿ ಮೂರು ಸಾಲು, ಹದಿನೈದು ಅಂಕೆ. ಒಂದರಿಂದ ತೊಂಬತ್ತರವರೆಗಿನ ಅಂಕೆಗಳನ್ನು ಒಂದೊಂದಾಗಿ ಕೂಗುತ್ತಾರೆ. ನಮ್ಮಲ್ಲಿದ್ದುದನ್ನು ಹೊಡೆಯುತ್ತ ಹೋಗುವುದು. ಚೀಟಿಗೆ ಇಪ್ಪತ್ತು ರೂಪಾಯಿ ಇಡೋಣವೆಂದು ಯಾರೋ ಅಂದರು. "ದುಡಿಯದೆ ಬಂದ ದುಡ್ಡು ಬ್ಯಾಡ" ಎಂದು ದೊಡ್ಡಪ್ಪ ಖಡಾಖಂಡಿತವಾಗಿ ನುಡಿದದ್ದರಿಂದ ಬಾಚಣಿಗೆ, ಸೋಪು, ಒಂದು ಸ್ಟೀಲಿನ ಡಬ್ಬಿಯೇ ಬಹುಮಾನಗಳಾದವು.

ಈ ಆಟದಲ್ಲಿ ವಿದ್ಯೆಗೆ ಸ್ಥಾನವಿಲ್ಲ. ಇಂಜಿನಿಯರನಿಗೂ ಎರಡನೆಯ ತರಗತಿಯ ಮಗುವಿಗೂ ಒಂದೇ ಅದೃಷ್ಟ. ಶಾಲೆಯ ಮುಖ ಕಾಣದ ದೊಡ್ಡಮ್ಮ ಬಸ್ಸಿನ ನಂಬರು, ಸಂತೆಯ ಲೆಕ್ಕಗಳಿಂದಲೇ ಅಂಕೆಗಳನ್ನು ಬಲ್ಲವರು. ಮಧ್ಯದ ಸಾಲು ಮೊದಲು ತುಂಬಿದ್ದು ಅವರದೇ. ಬೆಳಗಿನಿಂದ ಮೌನವಾಗಿದ್ದ ಮುಖದಲ್ಲಿ ನಗೆ ಮೂಡಿತು.

ಸಂಜೆ ದಾರಿಬದಿಯ ಮಂಟಪವೊಂದರಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಅವರ ಕಣ್ಣು ನೆಲಗಲ್ಲಿನ ಮೇಲೆ ನಿಂತಿತು. ಯಾವ ಕಾಲದಲ್ಲಿಯೋ ಯಾರೋ ಕೊರೆದ ತ್ರಿಕೋನದ ಗೆರೆಗಳು. ಹುಲಿ-ಕುರಿ ಆಟದ ಮನೆ! ಅವರು ಗೆರೆಗಳ ಮೇಲೆ ಬೆರಳಾಡಿಸಿ, "ನಮ್ಮೂರ ಗುಡಿ ಕಟ್ಟಿ ಮ್ಯಾಲೂ ಇಂಥದ್ದೇ ಇತ್ತವ್ವಾ. ಈಗ ಅದರ ಮ್ಯಾಲೆ ನೀರು ನಿಂತೈತಿ" ಎಂದರು.

ಅವರ ಊರು ನಾರಾಯಣದೇವರಕೆರೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಲ್ಲಿಯವರನೇಕರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಗಿದೆ. ನಮ್ಮೆಲ್ಲರ ತಟ್ಟೆಯ ಅನ್ನದಲ್ಲಿಯೂ ಅದರ ಪಾಲಿದೆ. ಆದರೆ ಏಳೆಂಟು ವರ್ಷದ ಹುಡುಗಿಯಾಗಿ ಗಾಡಿಯಲ್ಲಿ ಕುಳಿತು ಊರು ಬಿಟ್ಟವರಿಗೆ ಹಂಪಿಯ ಮುರಿದ ಕಂಬಗಳು ನಮಗೆ ಕಂಡಂತೆ ಕಾಣಲಿಲ್ಲ. "ಇವರ ಊರು ಹಾಳಾದರೂ ನೋಡಾಕ ಕಲ್ಲಾದರೂ ಉಳದಾವು" ಎಂದರು. ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಮೌನವನ್ನು ಮುರಿದವರೂ ಅವರೇ. ಮಕ್ಕಳಿಂದ ಹದಿನೆಂಟು ಹರಳು ಆರಿಸಿ ತರಿಸಿದರು. ದೊಡ್ಡವು ಮೂರು ಹುಲಿ, ಸಣ್ಣವು ಹದಿನೈದು ಕುರಿ. ಕುರಿಯನ್ನು ಹಾರಿ ಹುಲಿ ಕೊಲ್ಲುತ್ತದೆ. ಕುರಿಗಳು ಒಗ್ಗಟ್ಟಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ಇಲ್ಲಿ ಅದೃಷ್ಟದ ಮಾತಿಲ್ಲ. ಹೌಸಿಯಲ್ಲಿ ಎಲ್ಲರ ಕಣ್ಣೂ ತಮ್ಮ ತಮ್ಮ ಚೀಟಿಯ ಮೇಲೆ. ಇಲ್ಲಿ ಎದುರಿನವರ ಮನಸ್ಸನ್ನು ಓದಬೇಕು. ಇಂಜಿನಿಯರ್ ಮೊಮ್ಮಗ ಎರಡು ಸಲ ಸೋತ.

ಮರಳುವಾಗ ಟೆಂಪೋದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ನಿಮ್ಮ ಮನೆ ಯಾವ ಓಣಿಯಲ್ಲಿತ್ತು, ಬಾವಿ ಎಲ್ಲಿತ್ತು, ಪಕ್ಕದ ಮನೆ ಯಾರದು? ದೊಡ್ಡಮ್ಮ ಹೇಳುತ್ತ ಹೋದಂತೆ ನನ್ನ ಮಗಳು ಹೌಸಿ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದಳು.

ಅರಸರ ಪಟ್ಟಣಕ್ಕೆ ಶಾಸನಗಳಿವೆ, ವಿದೇಶಿ ಪ್ರವಾಸಿಗರ ಬರಹಗಳಿವೆ. ಮುಳುಗಿದ ಹಳ್ಳಿಯ ಓಣಿಗಳಿಗೆ ಇರುವ ಆಧಾರ ಕೆಲವು ವೃದ್ಧರ ನೆನಪು ಮಾತ್ರ. ಓದುಗರ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ ಮುಂದಿನ ಪ್ರವಾಸದಲ್ಲಿ ಅವರಿಗೆ ಕಿಟಕಿಯ ಪಕ್ಕದ ಜಾಗ ಕೊಡಿ; ಒಂದು ಪೆನ್ನನ್ನೂ ಜೊತೆಗಿಟ್ಟುಕೊಳ್ಳಿ.