ಕೊಳವೆಯೊಳಗಿನ ಮಳೆ

ಸೈಕಲ್ಲಿನ ಫ್ರೇಮಿನೊಳಗೆ ಮಳೆನೀರು ಸೇರುತ್ತದೆ ಎಂದರೆ ಜನ ನಗುತ್ತಾರೆ. ಸುತ್ತ ಬೆಸೆದ ಉಕ್ಕಿನ ಕೊಳವೆ, ಅದಕ್ಕೆಲ್ಲಿಯ ಬಾಯಿ? ಹಾಗೆ ನಗುವವರು ಮಳೆಗಾಲದಲ್ಲಿ ಒಮ್ಮೆ ವಿಜಯವಾಡಕ್ಕೆ ಬಂದು, ಇಂದ್ರಕೀಲಾದ್ರಿ ಬೆಟ್ಟದ ಬುಡದ ವನ್ ಟೌನಿನ ಯಾವುದಾದರೂ ಸೈಕಲ್ ಶಾಪಿನ ಮುಂದೆ ನಿಲ್ಲಬೇಕು. ಪಂಚರ್ ಹಾಕಲೆಂದು ಹಳೆಯ ಕರಿ ಸೈಕಲ್ಲನ್ನು ತಲೆಕೆಳಗು ಮಾಡಿದ್ದೇ ತಡ, ಸೀಟಿನ ಸಂದಿಯಿಂದ ತುಕ್ಕು ಬೆರೆತ ಕೆಂಪು ನೀರು ತೊಟ್ಟಿಕ್ಕುತ್ತದೆ. ಯಜಮಾನ ಮಾತ್ರ ಟೈರನ್ನೇ ನೋಡುತ್ತಿರುತ್ತಾನೆ.

ಬಾಯಿ ಇದೆ, ಒಂದಲ್ಲ, ಹಲವು. ಸೀಟಿನ ಕಂಬ ಇಳಿಯುವ ಕಡೆ, ಬೋಲ್ಟು ಬಿಗಿದಾಗ ಕೊಳವೆ ಅಮುಕಿ ಹಿಡಿಯಲೆಂದು ಒಂದು ಸೀಳು ಬಿಟ್ಟಿರುತ್ತಾರೆ. ಅದೂ ಬಹುಪಾಲು ಸೈಕಲ್ಲುಗಳಲ್ಲಿ ಹಿಂಬದಿಗೆ, ಸರಿಯಾಗಿ ಹಿಂದಿನ ಚಕ್ರದ ಎದುರಿಗೆ! ಮಡ್‌ಗಾರ್ಡ್ ಇಲ್ಲದಿದ್ದರೆ ಚಕ್ರವೇ ಮೊಗೆದು ಎರಚುತ್ತದೆ. ಹಳೆಯ ಮಾದರಿಯ ಸೀಟಿನ ಕಂಬವೂ ಬರೀ ಪೈಪು, ಅದರ ನೆತ್ತಿ ತೆರೆದೇ ಇರುತ್ತದೆ. ಪೆಡಲಿನ ಅಚ್ಚಿಗೆ ಎಣ್ಣೆ ಬಿಡುವ ತೂತಿನ ಪುಟ್ಟ ಮುಚ್ಚಳವಂತೂ ಎಂದೋ ಬಿದ್ದುಹೋಗಿರುತ್ತದೆ. ಈಚಿನ ದುಬಾರಿ ಸೈಕಲ್ಲುಗಳು ಅಂದಕ್ಕೆಂದು ಕೇಬಲ್ಲುಗಳನ್ನು ಫ್ರೇಮಿನೊಳಗೆ ತೂರಿಸಿ ಇನ್ನೆರಡು ಬಾಯಿ ತೆರೆದುಕೊಂಡಿವೆ. ಅಂದಕ್ಕೆ ತೆರುವ ಬೆಲೆ, ಇರಲಿ.

ಈ ಊರಿನ ಬಿಸಿಲಿನದು ಬೇರೆಯೇ ಕಿತಾಪತಿ. ಮೇ, ಜೂನ್ ತಿಂಗಳ ಮಧ್ಯಾಹ್ನ ಹೊರಗೆ ನಿಂತ ಸೈಕಲ್ಲಿನ ಫ್ರೇಮು ಮುಟ್ಟಲಾಗದಷ್ಟು ಸುಡುತ್ತದೆ. ಅಷ್ಟರಲ್ಲಿ ಕೃಷ್ಣೆಯ ಕಡೆಯಿಂದ ಕಪ್ಪಾಗಿ ಬಂದು ದಬದಬನೆ ಒಂದು ಮಳೆ. ಕೊಳವೆಯೊಳಗಿನ ಗಾಳಿ 60 ಡಿಗ್ರಿಯಿಂದ 30ಕ್ಕೆ ಇಳಿದರೆ ನೂರಕ್ಕೆ 9ರಷ್ಟು ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಸಂದಿಯಲ್ಲಿ ನೀರು ನಿಂತಿದ್ದರೆ ನೀರನ್ನೇ, ಇಲ್ಲವಾದರೆ ಒದ್ದೆ ಗಾಳಿಯನ್ನು. ಆ ಗಾಳಿಯ ತೇವ ರಾತ್ರಿಯ ತಂಪಿಗೆ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇದೇ ಬೆಟ್ಟದ ಮೇಲೆ ಎಂದು ಇಲ್ಲಿಯವರು ನಂಬುತ್ತಾರೆ. ಅವನ ಮುಂದೆ ಶಿವ ಬಂದದ್ದು ಬೇಡನ ವೇಷದಲ್ಲಿ. ನಮ್ಮ ಸೈಕಲ್ಲಿಗೆ ನೀರು ಬರುವುದು ಗಾಳಿಯ ವೇಷದಲ್ಲಿ. ಗುರುತು ಹಿಡಿಯಲು ಅರ್ಜುನನಿಗೇ ಹೊತ್ತು ಹಿಡಿಯಿತು.

ಒಳಗೆ ಬಂದದ್ದು ಇಳಿದು ನಿಲ್ಲುವುದು ಎಲ್ಲಕ್ಕಿಂತ ಕೆಳಗೆ, ಶಾಪಿನವರು ಬಿ.ಬಿ. ಎನ್ನುವ ಗೂಡಿನಲ್ಲಿ. ಪೆಡಲಿನ ಅಚ್ಚು, ಗುಂಡು ಕೂರುವ ಬಟ್ಟಲಿನಂಥ ಕಪ್ಪುಗಳು, ಬದಿಗೆ 11ರಂತೆ ಕಾಲು ಇಂಚಿನ ಉಕ್ಕಿನ ಗುಂಡುಗಳು, ಎಲ್ಲ ಇರುವುದು ಅಲ್ಲೇ. ಗ್ರೀಸು ಮೊದಲು ಬೆಣ್ಣೆಯಂತೆ ಬೆಳ್ಳಗಾಗುತ್ತದೆ, ಆಮೇಲೆ ಕೆಂಪಗೆ. ಪೆಡಲು ತುಳಿದಾಗ ಕರಕರ ಎನ್ನುವ ಹೊತ್ತಿಗೆ ಕಪ್ಪಿನಲ್ಲಿ ಗುಳಿ ಬಿದ್ದಾಗಿರುತ್ತದೆ.

ಜನ ಮಾಡುವ ಉಪಾಯ ಒಂದೇ: ಸೀಟಿಗೆ ಪ್ಲಾಸ್ಟಿಕ್ ಕವರು. ಅದು ಕಾಪಾಡುವುದು ಕೂರುವವರ ಬಟ್ಟೆಯನ್ನು, ಫ್ರೇಮನ್ನಲ್ಲ. ಹಳೆಯ ಟ್ಯೂಬಿನಿಂದ ನಾಲ್ಕು ಬೆರಳಗಲದ ತುಂಡು ಕತ್ತರಿಸಿ, ಸೀಟಿನ ಕಂಬಕ್ಕೂ ಕೊಳವೆಗೂ ಸೇರುವಂತೆ ಬಿಗಿಯಾಗಿ ತೊಡಿಸುವುದು ಉತ್ತಮ. ಸೀಳು ಮುಚ್ಚುತ್ತದೆ, ಖರ್ಚಿಲ್ಲ. ತೊಡಿಸುವ ಮುಂಚೆ ಕಂಬಕ್ಕೆ ಗ್ರೀಸು ಸವರಿದರೆ ಅದು ಒಳಗೇ ಕಚ್ಚಿಕೊಳ್ಳುವ ಪೀಡೆಯೂ ತಪ್ಪುತ್ತದೆ.

ಆದರೂ ನನ್ನ ಪಕ್ಷ ಬೇರೆ. ಗುಡ್ಡಕ್ಕೆ ತಡೆಗೋಡೆ ಕಟ್ಟುವವರು ಗೋಡೆಯಲ್ಲಿ ಸಾಲಾಗಿ ತೂತು ಬಿಡುತ್ತಾರೆ. ಹಿಂದೆ ನಿಂತ ನೀರು ಗೋಡೆಯನ್ನೇ ತಳ್ಳಬಾರದಲ್ಲ. ಬೆಟ್ಟದೊಳಗೆ ಹೊಕ್ಕ ನೀರಿನ ಬಲ ಏನೆಂದು 2020ರ ಅಕ್ಟೋಬರಿನ ದಸರೆಯಲ್ಲಿ ಇಂದ್ರಕೀಲಾದ್ರಿಯೇ ಬಂಡೆ ಉರುಳಿಸಿ ತೋರಿಸಿತು. ಸೈಕಲ್ಲಿಗೂ ಅದೇ ಮಾಡಬೇಕು: ಬಿ.ಬಿ. ಗೂಡಿನ ತಳದಲ್ಲಿ 4 ಮಿಲಿಮೀಟರಿನ ಒಂದು ತೂತು.

ಕೊರೆಯಿರಿ ಎಂದಾಗ ನಮ್ಮ ಸೈಕಲ್ ಮೇಸ್ತ್ರಿ ಬೆಚ್ಚಿಬಿದ್ದರು. "ಒಳ್ಳೇ ಗಾಡಿಗೆ ತೂತಾ? ಪಾಪ ಬರುತ್ತೆ ಸಾರ್" ಎಂದು ತೆಲುಗಿನಲ್ಲಿ ಗದರಿದರು. ಅವರ ಸಂಕಟವೂ ಸುಳ್ಳಲ್ಲ, ತುಕ್ಕೇ ಅವರ ಸಂಪಾದನೆ. ಮಳೆ ಮುಗಿದು ಬೆಟ್ಟದ ಮೇಲಿನ ಕನಕದುರ್ಗೆಯ ನವರಾತ್ರಿ ಬರುವ ಹೊತ್ತಿಗೆ, ಆಯುಧಪೂಜೆಗೆ ಮುಂಚೆ ಓವರಾಯಿಲಿಂಗ್ ಮಾಡಿಸುವವರ ಸಾಲು ನಿಲ್ಲುವುದು ಅವರ ಶಾಪಿನ ಮುಂದೆಯೇ. ಕೊನೆಗೆ ಅಚ್ಚು, ಗುಂಡು ಬಿಚ್ಚಿಟ್ಟು, ಗೊಣಗುತ್ತಲೇ ಕೊರೆದುಕೊಟ್ಟರು.

ವಿಶಾಖಪಟ್ಟಣದಲ್ಲಿ ಈ ತೂತೊಂದೇ ಸಾಲದು. ಅಲ್ಲಿ ಸಮುದ್ರದ ಗಾಳಿಯಲ್ಲೇ ಉಪ್ಪಿದೆ, ಉಪ್ಪು ಸೇರಿದರೆ ತುಕ್ಕಿಗೆ ನಾಲ್ಕು ಕಾಲು. ಫ್ರೇಮಿನೊಳಗೆ ಎಣ್ಣೆ ಸುರಿದು, ಅತ್ತಿತ್ತ ಹೊರಳಿಸಿ ಬಳಿಯಲೇಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಕೆಂಪು ತುಕ್ಕಿಲ್ಲ, ನಿಜ, ಆದರೆ ಅದರ ಬೇರಿಂಗೂ ಉಕ್ಕಿನದೇ. ಇನ್ನು 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್ ನಗರ ದಿನಗಟ್ಟಲೆ ಮುಳುಗಿತಲ್ಲ, ಅಂಥ ನೀರಿಗೆ ಯಾವ ಟ್ಯೂಬಿನ ತುಂಡೂ ಅಡ್ಡಬರದು. ಇಳಿದ ಮೇಲೆ ಎಲ್ಲ ಬಿಚ್ಚಿ ತೊಳೆಯುವುದೇ ಗತಿ.

ಮೃಗಶಿರಾ ಮಳೆ ಹಿಡಿಯುವ ಮುಂಚೆ ನಿಮ್ಮ ಸೈಕಲ್ಲನ್ನೂ ಒಮ್ಮೆ ತಲೆಕೆಳಗು ಮಾಡಿ ನೋಡಿ. ಕೆಲವು ಕಂಪನಿಯವರು ತೂತನ್ನು ಮೊದಲೇ ಬಿಟ್ಟಿರುತ್ತಾರೆ, ಕೆಸರು ಕಟ್ಟಿ ಮುಚ್ಚಿರುತ್ತದೆ ಅಷ್ಟೆ. ಮುರಿದ ಚಕ್ರದ ಕಡ್ಡಿಯೊಂದರಿಂದ ಚುಚ್ಚಿ ಬಿಡಿಸಿ.