ಹೆಸರಿಲ್ಲದವರ ಪಟ್ಟಿ

ಹೋಟೆಲಿನವರ ಮನೆಯಲ್ಲಿ ಹುಟ್ಟಿ, ಹೋಟೆಲಿಗೆ ಹೋಗದೆ ಆಫೀಸಿಗೆ ಹೋದವರಿಗೆ ಮುಂಬೈಯಲ್ಲಿ ಒಂದು ಕೆಲಸ ಮಾತ್ರ ತಪ್ಪುವುದಿಲ್ಲ. ಕುಟುಂಬದಲ್ಲಿ ಯಾವ ಸಮಾರಂಭವಿದ್ದರೂ "ನಿಂಗೆ ಕಂಪ್ಯೂಟರ್ ಗೊತ್ತಿತ್ತಲ್ದಾ" ಎಂದು ಆಮಂತ್ರಣ ಪತ್ರಿಕೆ, ಕರೆಯುವವರ ಪಟ್ಟಿ, ಖರ್ಚಿನ ಲೆಕ್ಕ ಮೂರನ್ನೂ ತಂದು ನಮ್ಮ ತಲೆಗೆ ಕಟ್ಟುತ್ತಾರೆ. ನಾನು ಐರೋಲಿಯ ಒಂದು ಕಂಪೆನಿಯಲ್ಲಿ ನೌಕರರ ಸಂಬಳದ ಲೆಕ್ಕ ನೋಡುವವನು. 2024ರಲ್ಲಿ ಸೋದರಮಾವನ ಹೋಟೆಲು ಪರೇಲಿನಿಂದ ಖಾರ್ಘರಿಗೆ ಹೋದಾಗ ಉದ್ಘಾಟನೆಯ ಜವಾಬ್ದಾರಿ ಹೀಗೇ ನನ್ನ ಪಾಲಿಗೆ ಬಂತು.

ಮಾವ ಕುಂದಾಪುರದ ಕಡೆಯಿಂದ 1974ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಆ ಕಾಲದ ನೂರಾರು ಹುಡುಗರ ಕತೆ ಇದೇ ಆದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. 1988ರಲ್ಲಿ ಪರೇಲಿನ ಹಳೆಯ ಕಟ್ಟಡವೊಂದರ ಕೆಳಗಿನ ಗಾಳಾವನ್ನು ಪಗಡಿಗೆ ಹಿಡಿದರು. ಅದರಲ್ಲಿ ಮೊದಲು ಇದ್ದ ಖಾನಾವಳಿ ಗಿರಣಿ ಕಾರ್ಮಿಕರನ್ನು ನಂಬಿಕೊಂಡಿತ್ತು. 1982ರ ಮುಷ್ಕರದ ನಂತರ ಗಿರಣಿಗಳ ಭೋಂಗಾ ನಿಂತು, ಖಾನಾವಳಿಯೂ ನಿಂತಿತ್ತು. ಮಾವ ನಂಬಿಕೊಂಡದ್ದು ಆಸ್ಪತ್ರೆಗಳನ್ನು. ಕೆಇಎಂ, ಟಾಟಾ, ವಾಡಿಯಾ ಮೂರೂ ನಡೆದು ಹೋಗುವಷ್ಟು ಹತ್ತಿರ. ರೋಗಿಯ ಜೊತೆಗೆ ಬಂದವರು ಬೆಳಿಗ್ಗೆ ಥರ್ಮಾಸು ಹಿಡಿದು ಬಂದರೆ ಚಾ, ಮಧ್ಯಾಹ್ನ ಬಂದರೆ ಮೊಸರನ್ನದ ಪಾರ್ಸೆಲ್. ಮೂವತ್ತಾರು ವರ್ಷ ಹೋಟೆಲು ನಡೆದದ್ದು ಹೀಗೆ.

ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸ ಕಟ್ಟಡದಲ್ಲಿ ಗಾಳಾ ಕೊಡುತ್ತೇವೆ ಎಂದರು, ಯಾವಾಗ ಎಂದು ಹೇಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಬೇಕಿತ್ತು. ಮಾವನ ಮಗ ಬ್ಯಾಂಕಿನಲ್ಲಿ ಸಾಲ ಮಾಡಿ ಖಾರ್ಘರಿನಲ್ಲಿ ಜಾಗ ಹಿಡಿದ. ಟಾಟಾದವರ ಕ್ಯಾನ್ಸರ್ ಕೇಂದ್ರ ಅಲ್ಲಿಯೂ ಇದೆ, ಕಾಲೇಜುಗಳಿವೆ, ಮೆಟ್ರೋ ಓಡುತ್ತಿದೆ. ಅವನ ಲೆಕ್ಕ ತಪ್ಪಾಗಿರಲಿಲ್ಲ.

ಮೊದಲ ಪ್ರಶ್ನೆ ದಿನದ್ದು. ಮಹಾರಾಷ್ಟ್ರದಲ್ಲಿ ಪಂಚಾಂಗ ಕೇಳದೆ ಶುಭಕಾರ್ಯ ಮಾಡಬಹುದಾದ 'ಸಾಡೇತೀನ್ ಮುಹೂರ್ತ'ಗಳಿವೆ. ಯುಗಾದಿ, ಅಕ್ಷಯ ತೃತೀಯ, ವಿಜಯದಶಮಿ ಪೂರ್ತಿ ಮೂರು, ಬಲಿಪಾಡ್ಯ ಅರ್ಧ. ಯುಗಾದಿಗೆ ಜಾಗವೇ ಕೈಗೆ ಬಂದಿರಲಿಲ್ಲ. ಅಕ್ಷಯ ತೃತೀಯ ಮೇ 10ಕ್ಕೆ ಬಿದ್ದಿತ್ತು. ಮೇ ತಿಂಗಳಲ್ಲಿ ಮುಂಬೈಯ ಕರಾವಳಿಯವರು ಮುಂಬೈಯಲ್ಲಿ ಇರುತ್ತಾರೆಯೇ? ಕೆಲಸದವರಲ್ಲಿ ಅರ್ಧ ಜನ, ಕರೆಯಬೇಕಾದವರಲ್ಲಿ ಮುಕ್ಕಾಲು ಜನ ಮತ್ಸ್ಯಗಂಧಾ ಹತ್ತಿ ಊರು ಸೇರಿರುತ್ತಾರೆ. ಜೂನಿನಲ್ಲಿ ಮಳೆ, ಜುಲೈ ನಡುವಿನಿಂದ ಆಷಾಢದ ಆಟಿ. ಆಮೇಲೆ ಗಣಪತಿ, ಅದರ ಹಿಂದೆಯೇ ಪಿತೃಪಕ್ಷ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಉಳಿದದ್ದು ದಸರೆ, ಅಕ್ಟೋಬರ್ 12, ಶನಿವಾರ. ಅಷ್ಟರೊಳಗೆ ಆರೋಗ್ಯ ಇಲಾಖೆಯ ಪರವಾನಗಿ, ಅಗ್ನಿಶಾಮಕದವರ ಒಪ್ಪಿಗೆ, ಪೈಪಿನ ಗ್ಯಾಸು ಎಲ್ಲ ಆಗಬೇಕು. ಗ್ಯಾಸಿನ ಮೀಟರು ಕೂರುವ ತನಕ ಪತ್ರಿಕೆಯಲ್ಲಿ ದಿನ ಅಚ್ಚು ಹಾಕಿಸಬಾರದು ಎಂದು ಮಾವ ಹಟ ಹಿಡಿದರು. ಹಾಗೆ ಮಾಡಿದ್ದು ಒಳ್ಳೆಯದಾಯಿತು. ಮೀಟರು ಬಂದದ್ದು ಹೇಳಿದ ದಿನಕ್ಕಿಂತ ಎರಡು ವಾರ ತಡವಾಗಿ.

ಬೋರ್ಡಿನ ವಿಚಾರದಲ್ಲಿ ಜಗಳವಾಗಲಿಲ್ಲ. 2022ರ ತಿದ್ದುಪಡಿಯ ಪ್ರಕಾರ ಎಲ್ಲ ಅಂಗಡಿಗಳಿಗೂ ಮರಾಠಿ ಫಲಕ ಕಡ್ಡಾಯ, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರುವಂತಿಲ್ಲ. ದೇವನಾಗರಿ ಮೇಲೆ, ಇಂಗ್ಲಿಷ್ ಕೆಳಗೆ. ಕನ್ನಡದ ಒಂದು ಸಣ್ಣ ಸಾಲನ್ನು ಮಾವ ಕೇಳಿ ಬರೆಸಿಕೊಂಡರು.

ಕಷ್ಟ ಶುರುವಾದದ್ದು ಪಟ್ಟಿ ಮಾಡಲು ಕೂತಾಗ. ಎಕ್ಸೆಲ್ ತೆರೆದು ಹೆಸರು, ಮೊಬೈಲ್, ಎಷ್ಟು ಜನ ಎಂದು ಮೂರು ಕಾಲಂ ಹಾಕಿದೆ. ನೆಂಟರು, ಊರಿನವರು, ಸಂಘದವರು, ಬೇರೆ ಹೋಟೆಲುಗಳ ಮಾಲಕರು ಸಲೀಸಾಗಿ ಬಂದರು. ಇನ್ನು ಗಿರಾಕಿಗಳು ಎಂದೆ. ಮಾವ ಗಲ್ಲೆಯ ಮೇಲೆ ಕೂತೇ ಹೇಳುತ್ತ ಹೋದರು. ಕಡಕ್ ಸಾದಾ ದೋಸೆಯವರು. ಸಕ್ಕರೆ ಇಲ್ಲದ ಕಟಿಂಗ್. ಇಡ್ಲಿ ಒಂದು ವಡೆ ಒಂದು, ಸಾಂಬಾರು ಬೇರೆ. ಕೆಇಎಂ ರಾತ್ರಿ ಪಾಳಿಯ ಸಿಸ್ಟರು. ಮಗಳಿಗೆ ಕೀಮೋ ಮುಗಿದ ದಿನ ಎಲ್ಲ ಟೇಬಲ್ಲಿಗೂ ಶಿರಾ ಕೊಡಿಸಿದ ಸೋಲಾಪುರದವರು. ನಾನು ಹೆಸರು ಕೇಳಿದೆ. ಮಾವ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಹೋಟ್ಲಲ್ಲಿ ಹೆಸ್ರ್ ಯಾರ್ ಕೇಂತ್ರ್ ಮಾಣಿ? ಎಂತ ಬೇಕ್ ಅಂದ್ ಕೇಂಬುದ್."

ಹೆಸರಿನ ಕಾಲಮ್ಮಿನಲ್ಲಿ ತಿಂಡಿಯ ಹೆಸರುಗಳೇ ತುಂಬಿದವು, ಮೊಬೈಲಿನ ಕಾಲಂ ಖಾಲಿ ಉಳಿಯಿತು. ಇಷ್ಟು ವರ್ಷ ಹೋಟೆಲನ್ನು ಸಾಕಿದವರಲ್ಲಿ ಹೆಚ್ಚಿನವರಿಗೆ ಪತ್ರಿಕೆ ಕಳಿಸಲು ನಮ್ಮ ಹತ್ತಿರ ವಿಳಾಸವೇ ಇರಲಿಲ್ಲ.

ಮಾವನ ಮಗನ ಯೋಚನೆ ಬೇರೆ ಇತ್ತು. ಅವನು ಸಮಾರಂಭ ನಡೆಸಿಕೊಡುವ ಕಂಪೆನಿಯೊಂದರಿಂದ ಅಂದಾಜು ತರಿಸಿದ್ದ. ಎಲ್‌ಇಡಿ ಪರದೆ, ಹೂವಿನ ಕಮಾನು, ನಿರೂಪಕಿ, ಇನ್‌ಸ್ಟಾಗ್ರಾಮಿನಲ್ಲಿ ಊಟದ ವಿಡಿಯೋ ಹಾಕುವ ಆರು ಜನ, ಎಲ್ಲ ಸೇರಿ 3,80,000 ರೂಪಾಯಿ. "ಪರೇಲಿನವರು ದೋಸೆ ತಿನ್ನಲಿಕ್ಕೆ ದಿನಾ ಖಾರ್ಘರಿಗೆ ಬರ್ತಾರಾ? ಕಂತು ಕಟ್ಟಬೇಕಾದದ್ದು ಇಲ್ಲಿಯವರ ದುಡ್ಡಿನಿಂದ, ಇಲ್ಲಿಯವರಿಗೆ ನಾವು ಯಾರು ಅಂತಲೇ ಗೊತ್ತಿಲ್ಲ" ಎಂದು ಕೇಳಿದ. ಅದಕ್ಕೆ ಉತ್ತರ ಇರಲಿಲ್ಲ. ಕುರ್ಲಾದಲ್ಲಿ ಗಾಡಿ ಬದಲಿಸಿ ಹಾರ್ಬರ್ ಲೈನಿನಲ್ಲಿ ಅಷ್ಟು ದೂರ ಒಂದು ಮಸಾಲೆ ದೋಸೆಗಾಗಿ ಯಾರೂ ಬರುವುದಿಲ್ಲ.

ದೀಪ ಹಚ್ಚುವವರು ಯಾರು ಎಂಬುದು ಇನ್ನೊಂದು ತಲೆನೋವು. ವಿಧಾನಸಭೆ ಚುನಾವಣೆ ಇಂದೋ ನಾಳೆಯೋ ಘೋಷಣೆಯಾಗುವ ಹಾಗಿತ್ತು. ಕತ್ತರಿ ಹಿಡಿದು ರಿಬ್ಬನ್ ಹುಡುಕುತ್ತಿದ್ದ ಮುಖಂಡರಿಗೆ ಬರವಿರಲಿಲ್ಲ. ಒಬ್ಬರನ್ನು ಕರೆದರೆ ಇನ್ನೊಬ್ಬರಿಗೆ ಸಿಟ್ಟು. ಸಂಘದ ಈಗಿನ ಅಧ್ಯಕ್ಷರನ್ನು ಕರೆದರೆ ಹಿಂದಿನವರು ಬರುವುದಿಲ್ಲ. ಹೊರನಾಡಿನಲ್ಲಿ ಸಮಾರಂಭ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ನಡುವೆ ಕೆಲಸದವರ ಹೆಸರು ಬರೆಯಲು ಕೂತೆ. ಪರೇಲಿನಲ್ಲಿ ಹದಿಮೂರು ಜನರಿದ್ದರು. ಖಾರ್ಘರಿನ ಅಡುಗೆಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದಿತ್ತು, ಜಾಗವೂ ಚಿಕ್ಕದು. ಎಂಟು ಜನರಿಗೆ ಮಾತ್ರ ಅಲ್ಲಿ ಕೆಲಸ. ಉಳಿದ ಐವರಲ್ಲಿ ಮೂವರಿಗೆ ಪರಿಚಯದವರ ಹೋಟೆಲುಗಳಲ್ಲಿ ಮಾವ ಮಾತಾಡಿದ್ದರು. ಇಬ್ಬರು ಊರಿಗೆ ಹೋಗುತ್ತೇವೆ ಎಂದಿದ್ದರು. ಅವರಲ್ಲಿ ಒಬ್ಬರು 1996ರಿಂದ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದವರು. ದಸರೆಯ ದಿನ ಈ ಐವರೂ ಬರಬೇಕು, ಕೆಲಸ ಜಾಸ್ತಿ ಇರುತ್ತದೆ ಎಂದು ಮಾವನ ಮಗ ಹೇಳಿದ. ಮಾವ ತಲೆ ಎತ್ತಲಿಲ್ಲ. "ಅವ್ರ್ ಅವತ್ತೂ ಬಡಿಸ್ಕಾ?" ಎಂದರು.

ನನ್ನ ದಿನದ ಕಸುಬೇ ಸಂಬಳದ ಲೆಕ್ಕವಾದ್ದರಿಂದ ಅವರ ಬಾಕಿ ಏನಾದರೂ ಇದೆಯೇ ಎಂದು ಕೇಳಿದೆ. ಊರಿಗೆ ಹೋಗುವಾಗ ಕೈಯಲ್ಲಿ ಏನಾದರೂ ಇಡುವುದು ಹೋಟೆಲುಗಳ ರೂಢಿ. ಎಷ್ಟು ಎಂಬುದು ಮಾಲಕನ ಮನಸ್ಸಿಗೆ ಬಿಟ್ಟದ್ದು. ಆದರೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಗ 1972ರ ಗ್ರಾಚ್ಯುಟಿ ಕಾನೂನು ಅನ್ವಯವಾಗುತ್ತಿತ್ತು. ಐದು ವರ್ಷ ಪೂರೈಸಿದವನು ಕೆಲಸ ಬಿಡುವಾಗ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಅವನದು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ದೋಸೆಯವರಿಗೆ ತಿಂಗಳಿಗೆ 14,000. ಇಪ್ಪತ್ತೆಂಟು ವರ್ಷಕ್ಕೆ 2,26,154 ರೂಪಾಯಿ ಆಯಿತು. ಐವರದ್ದೂ ಸೇರಿ ಆರೂಮುಕ್ಕಾಲು ಲಕ್ಷದ ಹತ್ತಿರ ಬಂತು.

ಮಾವ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಕೊಡುದ್ ಬೇರೆ, ಕೊಡ್ಕಾದ್ ಬೇರೆ. ಇದ್ ಯಾವ್ದ್?"

"ಕೊಡ್ಕಾದ್ದೇ ಮಾವ" ಎಂದೆ.

ಆ ರಾತ್ರಿ ಮನೆಯಲ್ಲಿ ಮಾತು ಏರಿತು. ಸಾಲ ತಲೆಯ ಮೇಲಿದೆ, ಈಗ ಇದೂ ಒಂದು ಸೇರಿದರೆ ಮೂರು ತಿಂಗಳ ಸಂಬಳ ಎಲ್ಲಿಂದ ತರುವುದು ಎಂದು ಮಾವನ ಮಗ ಕೂಗಾಡಿದ. ಅವನ ಭಯ ಸುಳ್ಳಲ್ಲ. ಹೊಸ ಹೋಟೆಲು ಆರು ತಿಂಗಳು ಕೈಯಿಂದಲೇ ತಿನ್ನುತ್ತದೆ ಎಂದು ಮಾವನೇ ಎಷ್ಟೋ ಜನರಿಗೆ ಬುದ್ಧಿ ಹೇಳಿದವರು. ಊರಿನಿಂದ ಬಂದಿದ್ದ ಅತ್ತೆ ಕೊನೆಗೆ ಒಂದೇ ಮಾತು ಕೇಳಿದರು, ಆ ಪರದೆ ಮತ್ತು ಕಮಾನು ಒಂದು ದಿನಕ್ಕೋ, ಹೋಟೆಲಿನಲ್ಲೇ ಇರುತ್ತದೋ? ಒಂದು ದಿನಕ್ಕೆ ಎಂದು ಗೊತ್ತಾದ ಮೇಲೆ ಅಂದಾಜಿನ ಕಾಗದ ಮೇಜಿನಿಂದ ಹೋಯಿತು. ಉಳಿದ ಮೂರು ಲಕ್ಷಕ್ಕೆ ಮಾವ ಪರೇಲಿನ ಪರಿಚಯದವರಿಂದ ಕೈಸಾಲ ತಂದರು.

ಆಮೇಲೆ ಯೋಜನೆ ತಾನಾಗಿ ಎರಡು ದಿನವಾಯಿತು. ಹೊಸ ಅಡುಗೆಮನೆಗೆ ಹೇಗೂ ಒಂದು ದಿನದ ಪ್ರಯೋಗ ಬೇಕೇ ಬೇಕು. ಆ ದಿನಕ್ಕೆ ಹಳಬರನ್ನು ಕರೆಯುವುದು, ದಸರೆಗೆ ಖಾರ್ಘರಿನವರನ್ನು ಕರೆಯುವುದು ಎಂದು ತೀರ್ಮಾನವಾಯಿತು. ಸೆಪ್ಟೆಂಬರ್ ನಡುವಿನಲ್ಲಿ ಪರೇಲಿನ ಗಲ್ಲೆಯ ಹಿಂದಿನ ಗೋಡೆಗೆ ಮರಾಠಿ, ಹಿಂದಿ, ಕನ್ನಡದಲ್ಲಿ ಒಂದು ಕಾಗದ ಅಂಟಿಸಿದೆವು. ಇಲ್ಲಿ ಒಮ್ಮೆಯಾದರೂ ತಿಂದವರೆಲ್ಲ ಬರಬೇಕು, ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಿನ ಮುಂದೆ ಬಸ್ಸು ಇರುತ್ತದೆ. ಹೆಸರು ಗೊತ್ತಿಲ್ಲದವರನ್ನು ಕರೆಯಲು ನಮಗೆ ತೋಚಿದ ದಾರಿ ಇಷ್ಟೇ. ಎರಡು ಮಿನಿ ಬಸ್ಸುಗಳಲ್ಲಿ ನಲವತ್ತೊಂದು ಜನ ಬಂದರು. ಸಕ್ಕರೆ ಇಲ್ಲದ ಕಟಿಂಗ್ ಬಂದಿದ್ದರು, ಜೊತೆಗೆ ಹೆಂಡತಿಯೂ. ಸೋಲಾಪುರದವರು ಬರಲಿಲ್ಲ. ಅವರಿಗೆ ಸುದ್ದಿ ಮುಟ್ಟುವ ದಾರಿಯೂ ಇರಲಿಲ್ಲ.

ಪ್ರಯೋಗದ ದಿನ ಪ್ರಯೋಗದಂತೆಯೇ ಇತ್ತು. ಹೊಸ ಗ್ರೈಂಡರಿನ ಕಲ್ಲಿಗೆ ನಾಲ್ಕು ಸಲ ನುಚ್ಚಕ್ಕಿ ಹಾಕಿ ರುಬ್ಬಿ ಚೆಲ್ಲಿದ್ದರೂ ಮೊದಲ ಚಟ್ನಿಯಲ್ಲಿ ಕಲ್ಲಿನ ಪುಡಿ ಸಿಕ್ಕಿತು. ಗಾಳಿಯಾಡದ ಮೂಲೆಯಲ್ಲಿಟ್ಟ ಹಿಟ್ಟು ಅಕ್ಟೋಬರ್ ಸೆಕೆಗೆ ಬೇಗ ಹುಳಿಬಂದು ಉಕ್ಕಿತು. ಎಕ್ಸಾಸ್ಟ್, ಗ್ರೈಂಡರ್, ಎಸಿ ಮೂರೂ ಒಟ್ಟಿಗೆ ಓಡಿದಾಗ ಕರೆಂಟು ಹೋಯಿತು. ಇದೇ ದಸರೆಯ ದಿನ ಆಗಿದ್ದರೆ ವಿಡಿಯೋದವರಿಗೆ ಹಬ್ಬ. ಪರೇಲಿನವರು ಕತ್ತಲೆಯಲ್ಲಿ ನಕ್ಕು, ಇಡ್ಲಿ ತಿಂದು, ಸಾಂಬಾರಿಗೆ ಉಪ್ಪು ಕಡಿಮೆ ಎಂದು ನೇರವಾಗಿ ಹೇಳಿದರು. ನೀರು ಬದಲಾಗಿದೆ, ಅಳತೆ ಬದಲಾಗಬೇಕು ಎಂದು ದೋಸೆಯವರು ಭಟ್ಟರಿಗೆ ತೋರಿಸಿಕೊಟ್ಟರು. ಪರೇಲಿನ ಕಾವಲಿಯನ್ನು ಟೆಂಪೋದಲ್ಲಿ ತಂದವರೂ ಅವರೇ. ಹೊಸ ಕಾವಲಿ ಪಳಗುವ ತನಕ ಅದೇ ಇರಲಿ ಎಂದಿದ್ದರು.

ಬಸ್ಸು ಹೊರಟ ಮೇಲೆ ಕೆಲಸದವರ ಊಟ. ಅಡುಗೆ ಪಕ್ಕದ ಊರಿನವರ ಹೋಟೆಲಿನಿಂದ ಬಂತು. ಹದಿಮೂರು ಜನ ಎಲೆಗೆ ಕೂತರು, ಅತ್ತೆ, ಮಾವನ ಮಗ, ನಾನು ಬಡಿಸಿದೆವು. ಬಡಿಸುವುದು ನಮಗೆ ಬರುವುದಿಲ್ಲ ಎಂದು ಎರಡನೆಯ ಸಾಲಿಗೇ ಎಲ್ಲರಿಗೂ ಗೊತ್ತಾಯಿತು. ಒಬ್ಬ ಹುಡುಗ ತಡೆಯಲಾಗದೆ ಎದ್ದು ಸಾರಿನ ಬಾಲ್ದಿ ಕಸಿದುಕೊಂಡ. ಮಾವ ಗದರಿ ಕೂರಿಸಿದರು.

ಐವರಿಗೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆ ಚೆಕ್ ಕೊಟ್ಟು ಸನ್ಮಾನ ಮಾಡೋಣ ಎಂದು ಮಾವನ ಮಗ ಸೂಚಿಸಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನಮ್ಮ ಸಂಘಗಳ ವೇದಿಕೆಗಳಲ್ಲಿ ಶಾಲಿಗೆ ಕೊರತೆ ಎಂದೂ ಬಿದ್ದಿಲ್ಲವಲ್ಲ. "ಕೊಡ್ಕಾದ್ದನ್ನ ಮೈಕಲ್ಲಿ ಕೊಡೂಕಾಗ" ಎಂದು ಮಾವ ತಡೆದರು. ಒಬ್ಬೊಬ್ಬರನ್ನೇ ಸ್ಟೋರ್ ರೂಮಿಗೆ ಕರೆದು, ಹಾಳೆಯ ಲೆಕ್ಕ ಓದಿ ಹೇಳಿ, ಸಹಿ ಮಾಡಿಸಿಕೊಂಡು ಚೆಕ್ ಕೊಟ್ಟರು. ದೋಸೆಯವರು ಒಳಗೆ ಹತ್ತು ನಿಮಿಷ ಇದ್ದರು. ಏನು ಮಾತಾಯಿತು ಎಂದು ನಾವು ಕೇಳಲಿಲ್ಲ.

ದಸರೆಯ ಸಮಾರಂಭ ಮಾವನ ಮಗನದ್ದು. ದಾದರಿನ ಹೂವಿನ ಮಾರುಕಟ್ಟೆಯಿಂದ ಎರಡು ದಿನ ಮೊದಲೇ ಗೊಂಡೆಹೂ ತರಿಸಿದ. ಗಣಹೋಮ, ಸತ್ಯನಾರಾಯಣ ಪೂಜೆ, ಬಂದವರಿಗೆಲ್ಲ ಶಿರಾ ಮತ್ತು ಕಾಫಿ. ಹೊಸ ಒಲೆಯಲ್ಲಿ ಮೊದಲ ಹಾಲನ್ನು ಅತ್ತೆ ಉಕ್ಕಿಸಿದರು. ರಿಬ್ಬನ್ ಇಲ್ಲದ ಕಾರಣ ಕತ್ತರಿ ಹಿಡಿಯುವವರ ಜಗಳವೂ ಇರಲಿಲ್ಲ. ಸುತ್ತಲಿನ ಸೊಸೈಟಿಗಳ ಕಾರ್ಯದರ್ಶಿಗಳು, ಕಾಲೇಜಿನ ಹುಡುಗಿಯರು, ಆಸ್ಪತ್ರೆಯ ಕಡೆಯವರು ಬಂದರು. ವಿಡಿಯೋ ಮಾಡುವವರಲ್ಲಿ ಇಬ್ಬರು ದುಡ್ಡಿಲ್ಲದೆ ಬಂದು ದೋಸೆಯನ್ನು ಹೊಗಳಿದರು. ಕಂತು ಈಗಲೂ ನಡೆಯುತ್ತಿದೆ, ಮಾವನ ಕೈಸಾಲ ತೀರಿದೆ.

ಕಳೆದ ತಿಂಗಳು ಪುಣೆಯಿಂದ ದೂರದ ಅಣ್ಣನೊಬ್ಬನ ಫೋನು. ಅವನ ಬೇಕರಿ ಹಿಂಜೆವಾಡಿಗೆ ಹೋಗುತ್ತಿದೆಯಂತೆ, ಉದ್ಘಾಟನೆಗೆ ಕರೆಯುವವರ ಪಟ್ಟಿ ಹೇಗೆ ಮಾಡುವುದು, ನೀನು ಮಾಡಿದ್ದನ್ನು ಕಳಿಸು ಎಂದ. ಹೆಸರುಗಳನ್ನೆಲ್ಲ ಅಳಿಸಿ ಖಾಲಿ ಎಕ್ಸೆಲ್ ಹಾಳೆ ಕಳಿಸಿದೆ. ಮೊದಲ ಕಾಲಂ, ಬರುತ್ತಿಲ್ಲದ ಕೆಲಸದವರು. ಎರಡನೆಯದು, ಎಷ್ಟು ವರ್ಷ. ಮೂರನೆಯದು, ಕೊಡಬೇಕಾದದ್ದು. ಅತಿಥಿಗಳ ಹೆಸರು ಅಲ್ಲಿಂದ ಮುಂದೆ ಶುರುವಾಗುತ್ತದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಲೆಕ್ಕ ಹಾಕುತ್ತಿರಬೇಕು.